ಬುಡ ನೋಡಿ ಕೊಳ್ಳಿ: ಅಂತರಿಕ್ಷ ಧಾರಾವಾಹಿಗಳಲ್ಲಿ ನಟಿಸಿದ ಮನೆ ಸಾಮಾನುಗಳು

ಅಮೆರಿಕದ ಅಂತರಿಕ್ಷ ಧಾರಾವಾಹಿ, ಹಳೆಯ ‘ಸ್ಟಾರ್ ಟ್ರೆಕ್’ನಲ್ಲಿ ಎಂಟರ್‌ಪ್ರೈಸ್ ನೌಕೆಯ ಬ್ರಿಡ್ಜ್‌ ಮೇಲೆ, ಅಂದರೆ ನೌಕೆ ನಡೆಸುವ ಕೋಣೆಯಲ್ಲಿ, ಸುಲು, ಉಹುರಾ ಎಂಬ ಪಾತ್ರಗಳು ಕೂರುತ್ತಿದ್ದ ಒಂಟಿ ಕಾಲಿನ ಕುರ್ಚಿ ಯಾವುದು? ಪೀಠೋಪಕರಣಗಳ ಬಗ್ಗೆ ಅಷ್ಟಿಷ್ಟು ಓದಿಕೊಂಡವರು ಕೂಡಲೇ ಕೊಡುವ ಉತ್ತರ, ಈರೋ ಸಾರಿನೆನ್ ವಿನ್ಯಾಸ ಮಾಡಿದ, ನಾಲ್ ಕಂಪನಿಯ ಟ್ಯುಲಿಪ್ ಕುರ್ಚಿ ಎಂದು. ಹರಾಜು ತಾಣಗಳ ಮಾರಾಟಗಾರರೂ ಹಾಗೆಂದೇ ಬರೆದುಕೊಳ್ಳುತ್ತಾರೆ. ಆದರೆ ಅದು ಟ್ಯುಲಿಪ್ ಅಲ್ಲ. ಅಮೆರಿಕದ ಡಲ್ಲಾಸ್‌ನ ಬರ್ಕ್ ಎಂಬ ಕಂಪನಿ ಅದೇ ಧಾಟಿಯಲ್ಲಿ ಮಾಡಿ ಮಾರುತ್ತಿದ್ದ ಕುರ್ಚಿ. ಅದನ್ನು ತಂದು, ಸೆಟ್ಟಿಗೆ ತಕ್ಕಂತೆ ಒಂದಿಷ್ಟು ಮಾರ್ಪಾಡು ಮಾಡಿ ಬಳಸಿದರು.

ಎರಡನ್ನೂ ಬೇರೆ ಮಾಡಿ ಹೇಳುವುದು ಹೇಗೆ? ಮೇಲಿನ ಚಿಪ್ಪನ್ನು ನೋಡಬೇಡಿ, ಅಲ್ಲಿ ಎರಡೂ ಒಂದೇ ತರಹ ಕಾಣುತ್ತವೆ. ಬುಡ ನೋಡಿ. ನಾಲ್ ಕಂಪನಿಯ ಟ್ಯುಲಿಪ್‌ನ ಕಾಲು ಕೆಳಗೆ ಬರುತ್ತಾ ತುತ್ತೂರಿಯ ಬಾಯಿಯ ಹಾಗೆ ದುಂಡಗೆ ಅಗಲವಾಗಿ ನೆಲಕ್ಕೆ ಕೂರುತ್ತದೆ. ಅಂಚು ಪೂರಾ ವೃತ್ತ. ಬರ್ಕ್ ಕುರ್ಚಿಯ ಕಾಲು ನೆಲದ ಹತ್ತಿರ ನಾಲ್ಕು ಕವಲಾಗಿ, ವಿಮಾನದ ಪ್ರೊಪೆಲ್ಲರ್‌ನ ರೆಕ್ಕೆಗಳಂತೆ ಚಾಚಿಕೊಳ್ಳುತ್ತದೆ. ನಟರ ಬೂಟುಗಳ ಪಕ್ಕ ಆ ಕವಲು ಕಾಣುವ ಒಂದೇ ಒಂದು ಫ್ರೇಮ್ ಸಿಕ್ಕರೂ ವಾದ ಮುಗಿಯಿತು.

ಈ ವಿಮರ್ಶೆಯ ಮಾತೂ ಇದೇ. ಅಂಗಡಿಯ ಸಾಮಾನು ಟೀವಿಗೆ ಪ್ರಾಪ್ ಆಗುವಾಗ, ಅಂದರೆ ದೃಶ್ಯದಲ್ಲಿ ಬಳಸುವ ವಸ್ತುವಾಗುವಾಗ, ಬಣ್ಣ ಬದಲಾಗುತ್ತದೆ, ಮೇಲೊಂದು ದೀಪ ಏರುತ್ತದೆ, ಹಿಡಿ ಕತ್ತರಿಸಿಹೋಗುತ್ತದೆ. ಬುಡ, ಅಂಚು, ಜೋಡಣೆಯ ಗೆರೆ, ತೂತುಗಳ ಸಾಲು, ಇವು ಮಾತ್ರ ಹಾಗೇ ಉಳಿಯುತ್ತವೆ. ವಾರಕ್ಕೊಂದು ಕಂತು ಮುಗಿಸಬೇಕಾದ ತಂಡಕ್ಕೆ ಅಲ್ಲಿಯವರೆಗೆ ಕೈಯಾಡಿಸಲು ಹೊತ್ತೂ ಇರುವುದಿಲ್ಲ, ದುಡ್ಡೂ ಇರುವುದಿಲ್ಲ. 1949ರಲ್ಲಿ ಡುಮಾಂಟ್ ವಾಹಿನಿಯಲ್ಲಿ ಶುರುವಾದ ‘ಕ್ಯಾಪ್ಟನ್ ವಿಡಿಯೊ’ಗೆ ಪ್ರಾಪ್‌ಗಳಿಗೆಂದು ಇದ್ದ ಬಜೆಟ್ ವಾರಕ್ಕೆ 25 ಡಾಲರ್ ಎಂಬುದು ಟೀವಿ ಚರಿತ್ರೆಯಲ್ಲಿ ಹೆಸರಾದ ಸಂಗತಿ. ಅಷ್ಟರಲ್ಲಿ ಅಂತರಿಕ್ಷ ಕಟ್ಟಬೇಕಾದವರು ಹಾರ್ಡ್‌ವೇರ್ ಅಂಗಡಿಗೆ ಹೋಗದೆ ಇನ್ನೆಲ್ಲಿಗೆ ಹೋದಾರು?

ಮುಂದೆ ಬರುವ ಸಾಮಾನುಗಳನ್ನು ಮೂರು ಪ್ರಶ್ನೆ ಇಟ್ಟುಕೊಂಡು ತೂಗಿದ್ದೇನೆ. ಪರದೆಯ ಮೇಲೆ ಅದನ್ನು ಖಚಿತವಾಗಿ ಗುರುತಿಸಬಹುದೇ? ಇವತ್ತು ಕೊಂಡರೆ ಅಥವಾ ಮಾಡಿಸಿದರೆ ಸರಿಯಾದದ್ದು ಸಿಗುತ್ತದೆಯೇ? ಮನೆಗೆ ತಂದ ಮೇಲೆ ಬಾಳುತ್ತದೆಯೇ? ಸಿನಿಮಾಗಳನ್ನು ಬಿಟ್ಟು ಟೀವಿಯನ್ನೇ ಹಿಡಿದಿದ್ದೇನೆ.

ಮೊದಲು ಚಿತ್ರ ಸರಿಯಿರಲಿ

ಗುರುತಿಸುವ ಕೆಲಸ ಹಾಳಾಗುವುದು ಹೆಚ್ಚಾಗಿ ಮೊದಲ ಹೆಜ್ಜೆಯಲ್ಲೇ. ಮೊಬೈಲ್‌ನಲ್ಲಿ ಓಡುತ್ತಿರುವ ವಿಡಿಯೊದ ಸ್ಕ್ರೀನ್‌ಶಾಟ್ ತೆಗೆದು ಅದರ ಮೇಲೆ ತೀರ್ಮಾನ ಕೊಡಬೇಡಿ. ಒತ್ತಿ ಕುಗ್ಗಿಸಿದ ವಿಡಿಯೊ ಸಣ್ಣ ತೂತು, ತೆಳು ಗೆರೆಗಳನ್ನೇ ಮೊದಲು ನುಂಗುತ್ತದೆ, ನಮಗೆ ಬೇಕಾದದ್ದೂ ಅವೇ. ಬ್ಲೂ-ರೇ ಇದ್ದರೆ ಅದರಿಂದ ತೆಗೆಯಿರಿ. 1966-69ರ ‘ಸ್ಟಾರ್ ಟ್ರೆಕ್’ 35 ಎಂಎಂ ಫಿಲ್ಮ್‌ನಲ್ಲಿ ಚಿತ್ರಿತವಾದದ್ದು, ಹಾಗಾಗಿ ಅದರಲ್ಲಿ ಹುಡುಕಲು ವಿವರವಿದೆ. 1987ರಲ್ಲಿ ಅದರ ಮುಂದುವರಿಕೆಯಾಗಿ ಬಂದ ‘ನೆಕ್ಸ್ಟ್ ಜನರೇಷನ್’ ಕೂಡ ಫಿಲ್ಮ್‌ನಲ್ಲೇ ಚಿತ್ರಿತ, ಆದರೆ ಸಂಕಲನ ನಡೆದದ್ದು ವಿಡಿಯೊ ಟೇಪಿನಲ್ಲಿ. 2012ರಿಂದ ಬಂದ ಬ್ಲೂ-ರೇಗಾಗಿ ಮೂಲ ಫಿಲ್ಮಿಗೇ ಹಿಂದಿರುಗಿ ಕಂತುಗಳನ್ನು ಮತ್ತೆ ಜೋಡಿಸಿದರು. ಹಳೆಯ ಡಿವಿಡಿಯಲ್ಲಿ ಬರೀ ಮಸುಕಾಗಿದ್ದ ಮೇಜಿನ ಮೇಲಿನ ಸಾಮಾನು ಹೊಸದರಲ್ಲಿ ಅಂಚು ಸಮೇತ ಕಾಣುವುದು ಇದರಿಂದಲೇ.

ಬಿಬಿಸಿಯ ‘ಡಾಕ್ಟರ್ ಹೂ’ ವಿಷಯ ಬೇರೆ. ಡಾಲೆಕ್ ಎಂಬ ವೈರಿ ಯಂತ್ರಜೀವಿಗಳು ಬರುವ 1963ರ ಮೊದಲ ಕಥೆ, ಚಿತ್ರವನ್ನು 405 ಅಡ್ಡಗೆರೆಗಳಲ್ಲಿ ಬಿಡಿಸುವ ವಿಡಿಯೊದಲ್ಲಿ ದಾಖಲಾಯಿತು. ಇಂದು ಉಳಿದಿರುವುದು 16 ಎಂಎಂ ಫಿಲ್ಮ್ ಪ್ರತಿ. 1975ರ ಹೊತ್ತಿಗೆ 625 ಗೆರೆ ಬಂದಿತ್ತಾದರೂ ಚಿತ್ರ ತುಂಬುವುದು ಅದರಲ್ಲಿ 576 ಮಾತ್ರ. ಎಷ್ಟೇ ದೊಡ್ಡದು ಮಾಡಿದರೂ ಅಲ್ಲಿ ಇಲ್ಲದ ವಿವರ ಹುಟ್ಟುವುದಿಲ್ಲ. ಚಿತ್ರವನ್ನು ಚೊಕ್ಕ ಮಾಡಿಕೊಡುವ ಎಐ ಸಾಧನಗಳನ್ನು ಈ ಕೆಲಸಕ್ಕೆ ಬಳಸಲೇಬೇಡಿ, ಅವು ಊಹಿಸಿ ಗೆರೆ ಎಳೆಯುತ್ತವೆ. ನೀವು ಆ ಊಹೆಯನ್ನೇ ಸಾಕ್ಷಿ ಎಂದುಕೊಂಡು ಹೊರಡುತ್ತೀರಿ.

ಇನ್ನೊಂದು ಸಾಮಾನ್ಯ ಎಡವಟ್ಟು ಚಿತ್ರದ ಅನುಪಾತ. 4:3ರ ಹಳೆಯ ಕಂತನ್ನು ಯಾರೋ 16:9ಕ್ಕೆ ಎಳೆದು ಏರಿಸಿರುತ್ತಾರೆ. ಆಗ ಅಗಲ ಮೂರನೇ ಒಂದು ಭಾಗದಷ್ಟು ಹಿಗ್ಗುತ್ತದೆ, ಎತ್ತರದ ಬಾಟಲಿ ಕುಳ್ಳಾಗಿ ಕಾಣುತ್ತದೆ. ಅದೇ ದೃಶ್ಯದಲ್ಲಿ ಕ್ಯಾಮೆರಾಗೆ ಎದುರಾಗಿರುವ ಯಾವುದಾದರೂ ದುಂಡನೆಯ ದೀಪವನ್ನೋ ಗುಂಡಿಯನ್ನೋ ಅಳೆಯಿರಿ. ಅದು ಮೊಟ್ಟೆಯಾಕಾರವಾಗಿದ್ದರೆ ಅಗಲವನ್ನು 0.75ರಿಂದ ಗುಣಿಸಿ ಚಿತ್ರವನ್ನು ಸರಿಪಡಿಸಿಕೊಂಡು ಮುಂದೆ ಹೋಗಿ.

ಅಳತೆಗೆ ನಟರ ಅಂಗೈಯೇ ಗತಿ. ಹೆಬ್ಬೆರಳು ಬಿಟ್ಟು ದೊಡ್ಡವರ ಅಂಗೈಯ ಅಗಲ ಸುಮಾರು 8ರಿಂದ 9 ಸೆಂ.ಮೀ. ಚಿತ್ರದಲ್ಲಿ ಅಂಗೈ 120 ಪಿಕ್ಸೆಲ್, ಕೈಯಲ್ಲಿರುವ ವಸ್ತು 240 ಪಿಕ್ಸೆಲ್ ಇದ್ದರೆ ವಸ್ತುವಿನ ಉದ್ದ ಹತ್ತಿರ ಹತ್ತಿರ 17 ಸೆಂ.ಮೀ. ಎರಡೂ ಕ್ಯಾಮೆರಾದಿಂದ ಒಂದೇ ದೂರದಲ್ಲಿದ್ದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಕೈ ಮುಂದೆ, ವಸ್ತು ಹಿಂದೆ ಇದ್ದರೆ ಕೈಬಿಡಿ. ಅಳತೆಗಿಂತ ಅನುಪಾತವನ್ನು ನಂಬುವುದು ಲೇಸು: ಎತ್ತರಕ್ಕೆ ಅಗಲ ಎಷ್ಟು ಪಾಲು, ಕತ್ತು ಎಲ್ಲಿ ಶುರುವಾಗುತ್ತದೆ, ಮುಚ್ಚಳ ಒಟ್ಟು ಎತ್ತರದ ಎಷ್ಟನೇ ಭಾಗ.

ಬಣ್ಣವನ್ನಂತೂ ಕೊನೆಗೆ ನೋಡಿ. ‘ಸ್ಟಾರ್ ಟ್ರೆಕ್’ ನೌಕೆಯ ಕ್ಯಾಪ್ಟನ್ ಕಿರ್ಕ್ ತೊಡುತ್ತಿದ್ದ ‘ಚಿನ್ನದ ಬಣ್ಣದ’ ಅಂಗಿಯ ಬಟ್ಟೆ ನಿಜವಾಗಿ ಹಸಿರು ಮಿಶ್ರಿತವಾಗಿತ್ತು. ದೀಪ ಮತ್ತು ಫಿಲ್ಮ್ ಸೇರಿ ಅದನ್ನು ಹಳದಿಯಾಗಿಸಿದವು. ಬಟ್ಟೆಗೇ ಹೀಗಾದ ಮೇಲೆ, ಬಣ್ಣದ ಕಾಗದ ಹಚ್ಚಿದ ದೀಪದ ಕೆಳಗಿಟ್ಟ ಪ್ಲಾಸ್ಟಿಕ್ ಡಬ್ಬಿ ಯಾವ ಬಣ್ಣದ್ದು ಎಂದು ಆಣೆ ಇಟ್ಟು ಹೇಳುವುದು ಸಾಧ್ಯವಿಲ್ಲ.

ಕುರ್ಚಿಗಳು

ಬರ್ಕ್ ಕುರ್ಚಿಗೆ ಗುರುತಿಸುವುದರಲ್ಲಿ ಪೂರ್ತಿ ಅಂಕ. ಟ್ಯುಲಿಪ್‌ಗೂ ಇದಕ್ಕೂ ಹೋಲಿಸುವಾಗ ಟ್ಯುಲಿಪ್ ಅನ್ನು ಹೇಗೆ ಕಟ್ಟಿದ್ದಾರೆ ಎಂಬುದೂ ತಿಳಿದಿದ್ದರೆ ಕಣ್ಣು ಇನ್ನೂ ಚುರುಕಾಗುತ್ತದೆ. ಸಾರಿನೆನ್‌ಗೆ ಇಡೀ ಕುರ್ಚಿಯನ್ನು ಒಂದೇ ವಸ್ತುವಿನಲ್ಲಿ ಎರಕ ಹೊಯ್ಯುವ ಆಸೆಯಿತ್ತು. ಫೈಬರ್‌ಗ್ಲಾಸಿನ ಒಂಟಿ ಕಾಲು ಭಾರ ತಡೆಯುತ್ತಿರಲಿಲ್ಲ. ಹಾಗಾಗಿ ಮೇಲಿನ ಚಿಪ್ಪು ಫೈಬರ್‌ಗ್ಲಾಸ್, ಕೆಳಗಿನ ಕಾಲು ಅಲ್ಯುಮಿನಿಯಂ, ಎರಡಕ್ಕೂ ಒಂದೇ ಬಣ್ಣ. ಆಸನದ ಅಡಿಯಲ್ಲಿ ಎರಡು ವಸ್ತು ಕೂಡುವ ಕಡೆ ಸಣ್ಣ ಗೆರೆಯೊಂದು ಇದ್ದೇ ಇರುತ್ತದೆ. ಹಳೆಯ ಕುರ್ಚಿ ಕೊಳ್ಳುವವರು ಮೊದಲು ಬೆರಳಾಡಿಸಬೇಕಾದದ್ದು ಅಲ್ಲಿ. ಚಿಪ್ಪಿನಲ್ಲಿ ಸಿಡಿದ ಕೂದಲೆಳೆ ಬಿರುಕುಗಳು ಆ ಜಾಗದಿಂದಲೇ ಹೊರಡುತ್ತವೆ. ಮೇಲೆ ಬಣ್ಣ ಬಳಿದು ಮುಚ್ಚಿದ್ದರೂ, ಕೂತು ಅತ್ತಿತ್ತ ವಾಲಿದಾಗ ಕಿರ್ ಎನ್ನುತ್ತದೆ. ಮಾರುವವರಿಂದ ಆಸನದ ಅಡಿಯ ಫೋಟೊ ಕೇಳಿ. ಕೊಡದಿದ್ದರೆ ಬಿಟ್ಟುಬಿಡಿ.

ಕಿರ್ಕ್ ಕೂರುತ್ತಿದ್ದ ಕ್ಯಾಪ್ಟನ್ ಕುರ್ಚಿ ಪೂರಾ ಸೆಟ್ಟಿನವರೇ ಕಟ್ಟಿದ್ದು ಎಂದು ಕಾಣುತ್ತದೆ, ಆದರೆ ಆ ಪ್ಲೈವುಡ್ ಪೆಟ್ಟಿಗೆಯ ನಡುವೆ ಇರುವುದು ಮ್ಯಾಡಿಸನ್ ಫರ್ನಿಚರ್ ಎಂಬ ಕಂಪನಿಯ ಕುರ್ಚಿ. ನಕಲು ಮಾಡುವವರು ಪೆಟ್ಟಿಗೆಯ ಅಳತೆಗೆ ತಲೆ ಕೆಡಿಸಿಕೊಂಡು ಒಳಗಿನ ಕುರ್ಚಿಯನ್ನು ಮರೆಯುತ್ತಾರೆ. ಒಳಗಿನದು ಸಿಕ್ಕರೆ ಪೆಟ್ಟಿಗೆ ತಾನಾಗಿ ಅದರ ಸುತ್ತ ಕೂರುತ್ತದೆ. ಪೆಟ್ಟಿಗೆ ಮೊದಲು ಮಾಡಿಸಿದರೆ ಕುರ್ಚಿ ಅದರೊಳಗೆ ಇಳಿಯುವುದಿಲ್ಲ.

ಬ್ರಿಟನ್ನಿನ ‘ಸ್ಪೇಸ್: 1999’ ಇಟಲಿಯ ಪೀಠೋಪಕರಣಗಳ ಮಳಿಗೆಯನ್ನೇ ಚಂದ್ರನ ಮೇಲಿಟ್ಟಂತಿದೆ. ಮೂನ್‌ಬೇಸ್ ಆಲ್ಫಾ ಎಂಬ ಚಂದ್ರನ ನೆಲೆಯ ಕುರ್ಚಿಗಳಲ್ಲಿ ವಿಕೊ ಮಜಿಸ್ಟ್ರೆಟ್ಟಿ ಆರ್ಟೆಮೀಡೆ ಕಂಪನಿಗಾಗಿ ಮಾಡಿದ ಸೆಲೆನೆ ಇದೆ. ಹೆಸರಿನ ಅರ್ಥವೇ ಚಂದ್ರದೇವಿ, ಇದಕ್ಕಿಂತ ಒಪ್ಪುವ ಪಾತ್ರ ಅದಕ್ಕೆ ಸಿಗುತ್ತಿರಲಿಲ್ಲ. ಗುರುತು ಕಾಲಿನಲ್ಲಿದೆ. ಸೆಲೆನೆ ಒಂದೇ ಎರಕದ ಕುರ್ಚಿ. ತೆಳ್ಳನೆಯ ಹಾಳೆಯಂಥ ವಸ್ತುವಿಗೆ ಬಲ ಬರಲೆಂದು ಕಾಲನ್ನು ‘ಎಸ್’ ಅಕ್ಷರದಂತೆ ಮಡಿಸಲಾಗಿದೆ. ಪಕ್ಕದಿಂದ ಬೆಳಕು ಬಿದ್ದಾಗ ಕಾಲಿನುದ್ದಕ್ಕೂ ಒಂದು ನೆರಳಿನ ಕಾಲುವೆ ಕಾಣುತ್ತದೆ. ನಮ್ಮ ಮದುವೆ ಮಂಟಪಗಳಲ್ಲಿ ಪೇರಿಸಿಡುವ ಪ್ಲಾಸ್ಟಿಕ್ ಕುರ್ಚಿಯ ಕಾಲಿಗೂ ಮಡಿಕೆ ಇರುತ್ತದೆ, ಆದರೆ ಅದು ಒಂದೇ ಕಡೆಗೆ ಬಾಗಿದ ಮೂಲೆ, ‘ಎಸ್’ ಅಲ್ಲ. ಅದೇ ಧಾರಾವಾಹಿಯ ಮೇಜುಗಳ ಮೇಲಿನ ದುಂಡು ದೀಪ ಹಾರ್ವೆ ಗುಝ್ಝಿನಿಯ ಸೊರೆಲ್ಲಾ. ಈ ಧಾರಾವಾಹಿಯ ವಸ್ತುಗಳಲ್ಲಿ ನನಗೆ ಮೆಚ್ಚಾದದ್ದು ಇದು: ಯಾವುದನ್ನೂ ಮರೆಮಾಚಿಲ್ಲ, ಇದ್ದದ್ದನ್ನು ಇದ್ದಂತೆ ಇಟ್ಟಿದ್ದಾರೆ. ಆದ್ದರಿಂದ ಗುರುತಿಸುವುದೂ ನೆಮ್ಮದಿಯ ಕೆಲಸ.

ಉಪ್ಪಿನ ಡಬ್ಬಿ: ಹೆಸರು ದೊಡ್ಡದು, ಸಾಕ್ಷಿ ಸಣ್ಣದು

ಈ ವಿಷಯದಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ ‘ಸ್ಟಾರ್ ಟ್ರೆಕ್’ ನೌಕೆಯ ವೈದ್ಯ ಡಾಕ್ಟರ್ ಮೆಕಾಯ್‌ನ ವೈದ್ಯಕೀಯ ಸಲಕರಣೆಗಳದ್ದು. 1966ರ ಸೆಪ್ಟೆಂಬರ್ 8ರಂದು ಅಮೆರಿಕದಲ್ಲಿ ಮೊದಲು ಪ್ರಸಾರವಾದ ಕಂತು ‘ದಿ ಮ್ಯಾನ್ ಟ್ರ್ಯಾಪ್’. ಅದರಲ್ಲಿ ಬರುವ ಜೀವಿಗೆ ಬದುಕಲು ಉಪ್ಪು ಬೇಕು, ಹಾಗಾಗಿ ಉಪ್ಪು ಉದುರಿಸುವ ಡಬ್ಬಿಗಳು ಬೇಕಾದವು. ಪ್ರಾಪ್ ನೋಡಿಕೊಳ್ಳುತ್ತಿದ್ದ ಅರ್ವಿಂಗ್ ಫೈನ್‌ಬರ್ಗ್ ವಿಚಿತ್ರ ಆಕಾರದ, ಹೊಸ ಕಾಲದವೆನ್ನಿಸುವ ಡಬ್ಬಿಗಳನ್ನು ತಂದರು. ನೋಡಿದವರಿಗೆ ಅವು ಉಪ್ಪಿನ ಡಬ್ಬಿ ಎಂದೇ ತಿಳಿಯದು ಎನ್ನಿಸಿ ಕಂತಿನಲ್ಲಿ ಸಾದಾ ಡಬ್ಬಿ ಬಳಸಿ, ಈ ವಿಚಿತ್ರದವನ್ನು ಮೆಕಾಯ್‌ನ ಕೈಗೆ ಕೊಟ್ಟರು. ಅವರು ಜೋಡಿಸಿಕೊಡುತ್ತಿದ್ದ ಇಂಥ ಸಾಮಾನುಗಳಿಗೆ ಸೆಟ್ಟಿನಲ್ಲಿ ‘ಫೈನ್‌ಬರ್ಗರ್’ ಎಂಬ ಹೆಸರೇ ಬಿತ್ತು.

ಕಥೆ ಚೆನ್ನಾಗಿದೆ. ಕೊಳ್ಳುವವರಿಗೆ ಮಾತ್ರ ಇದು ಅತಿ ಕಷ್ಟದ ಸಾಮಾನು. ಲೇತ್‌ನಲ್ಲಿ ಕಡೆದ, ಹೊಳೆಯುವ, ಉದ್ದನೆಯ ಲೋಹದ ದುಂಡು ತುಂಡಿಗೆ ತನ್ನದೇ ಆದ ಗುರುತು ಕಡಿಮೆ. ಹೊಳಪು ಲೋಹ ಸುತ್ತಲಿನ ದೀಪಗಳನ್ನೇ ಪ್ರತಿಫಲಿಸುವುದರಿಂದ ಅಂಚು ಎಲ್ಲಿದೆ ಎಂದು ಕಾಣುವುದಿಲ್ಲ. ನೋಡಬೇಕಾದದ್ದು ಮೂರೇ: ತಲೆಯ ಮೇಲಿನ ತೂತುಗಳ ಸಂಖ್ಯೆ ಮತ್ತು ಜೋಡಣೆ, ಮುಚ್ಚಳ ತಿರುಗಿ ಕೂರುವ ಗೆರೆ ಎಲ್ಲಿದೆ, ಬುಡ ಚಪ್ಪಟೆಯೋ ಗುಂಡೋ. ಈ ಮೂರರಲ್ಲಿ ಎರಡಾದರೂ ಪರದೆಯ ಮೇಲೆ ಕಾಣದಿದ್ದರೆ ‘ಇದೇ ಡಬ್ಬಿ’ ಎನ್ನುವ ಮಾತಿಗೆ ಬೆಲೆ ಇಲ್ಲ. ಹೆಚ್ಚು ದುಡ್ಡು ಕೊಟ್ಟು ಹೊರದೇಶದಿಂದ ತರಿಸುವ ಅಗತ್ಯ ನನಗೆ ಕಾಣದು. ಶೋಕೇಸಿಗೆ ಅದೇ ಭಾವ ಬರಬೇಕಾದರೆ ಚಿಕ್ಕಪೇಟೆಯಂಥ ಕಡೆಯ ಸ್ಟೀಲ್ ಪಾತ್ರೆ ಅಂಗಡಿಯಲ್ಲಿ ಉದ್ದನೆಯ ಉಪ್ಪು-ಮೆಣಸಿನ ಡಬ್ಬಿಗಳನ್ನು ಆರಿಸಿ. ತಳದಲ್ಲಿ ಕಂಪನಿಯ ಮುದ್ರೆ ಒತ್ತಿರದ, ಪಕ್ಕದಲ್ಲಿ ಬೆಸುಗೆಯ ಗೆರೆ ಕಾಣದ ಜೊತೆ ಸಿಕ್ಕರೆ ಸಾಕು.

ಚದುರಂಗ ಮತ್ತು ಬಾಟಲಿ

ಅದೇ ನೌಕೆಯ ಮೂರಂತಸ್ತಿನ ಚದುರಂಗಕ್ಕೆ ನನ್ನ ಮೊದಲ ಶಿಫಾರಸು. ಹಲಗೆಗಳು ಆ ಕಾಲದ ಅಂಗಡಿಗಳಲ್ಲಿ ಸಿಗುತ್ತಿದ್ದ ಮೂರು ಆಯಾಮದ ಚೆಕರ್ಸ್ ಮತ್ತು ಟಿಕ್-ಟ್ಯಾಕ್-ಟೋ ಆಟಗಳದ್ದು, ಕಾಯಿಗಳು ಶಿಲ್ಪಿ ಪೀಟರ್ ಗನೀನ್ ವಿನ್ಯಾಸ ಮಾಡಿದ ‘ಕ್ಲಾಸಿಕ್’ ಸೆಟ್. ನೀರಿನಲ್ಲಿ ಮಗುಚದೆ ತೇಲುವ ಆಟಿಕೆ ಬಾತುಕೋಳಿಗೆ ಪೇಟೆಂಟ್ ಪಡೆದ ಶಿಲ್ಪಿಯೂ ಈತನೇ. ಇಲ್ಲಿ ಎಡವುವುದು ಆತನ ಇನ್ನೊಂದು ಸೆಟ್ಟಿನಿಂದ. ‘ಗಾಥಿಕ್’ ಎಂಬ ಅದರ ಕಾಯಿಗಳಲ್ಲಿ ಮನುಷ್ಯರ ಮುಖ ಕೆತ್ತಿರುತ್ತದೆ. ಮಾರುವವರು ಎರಡನ್ನೂ ‘ಗನೀನ್ ಚೆಸ್’ ಎಂಬ ಒಂದೇ ಹೆಸರಿನಲ್ಲಿ ಹಾಕಿರುತ್ತಾರೆ. ಮುಖ ಕಂಡರೆ ಅದು ನಿಮಗೆ ಬೇಕಾದದ್ದಲ್ಲ. ಎಂಟರ್‌ಪ್ರೈಸ್‌ನ ಕಾಯಿಗಳು ನುಣುಪಾದ, ಮುಖವಿಲ್ಲದ ಆಕಾರಗಳು. ಆಮೇಲೆ ಫ್ರಾಂಕ್ಲಿನ್ ಮಿಂಟ್ ಕಂಪನಿ ಹೊರತಂದ ಲೋಹದ ಕಾಯಿಗಳ ಸೆಟ್ ನೋಡಲು ಭರ್ಜರಿ, ಆದರೆ ಅದು ನೆನಪಿನ ಕಾಣಿಕೆಯಾಗಿ ಮಾಡಿದ್ದು, ಪರದೆಯ ಮೇಲಿದ್ದದ್ದರ ಪಡಿಯಚ್ಚಲ್ಲ.

ಹಲಗೆಯನ್ನು ಮನೆಯಲ್ಲೇ ಕಟ್ಟಬಹುದು. ದೊಡ್ಡ ಹಲಗೆ ಮೂರು, ಒಂದೊಂದರಲ್ಲಿ 4×4, ಅಂದರೆ 16 ಮನೆ, ಒಟ್ಟು 48. ಮೂಲೆಗಳಿಗೆ ಸಿಕ್ಕಿಸುವ ಪುಟ್ಟ ಹಲಗೆ ನಾಲ್ಕು, ಒಂದೊಂದರಲ್ಲಿ 2×2, ಒಟ್ಟು 16. ಎರಡೂ ಸೇರಿ 64, ಮಾಮೂಲಿ ಚದುರಂಗದಷ್ಟೇ. ರಾಜನ ಬುಡದ ಅಗಲ ಒಂದು ಮನೆಯ ಅಗಲದ ಮುಕ್ಕಾಲು ಪಾಲು ಇರಲಿ. ಬುಡ 30 ಮಿ.ಮೀ. ಆದರೆ ಮನೆ 40 ಮಿ.ಮೀ., ದೊಡ್ಡ ಹಲಗೆ 160 ಮಿ.ಮೀ. ಚೌಕ. ಅಕ್ರಿಲಿಕ್ ಹಾಳೆ 3 ಮಿ.ಮೀ.ಗಿಂತ 5 ಮಿ.ಮೀ. ಲೇಸು: ಹಲಗೆಗೆ ಆಸರೆ ಒಂದೇ ಕಡೆ ಇರುವುದರಿಂದ ತೆಳ್ಳನೆಯದು ಪುಟ್ಟ ಹಲಗೆಗಳ ಭಾರಕ್ಕೆ ತುದಿಯಲ್ಲಿ ಜೋಲುತ್ತದೆ. ತೂತು ಕೊರೆಯುವಾಗ ಅಡಿಗೆ ಮರದ ತುಂಡು ಒತ್ತಿ ಕಟ್ಟಿ, ಡ್ರಿಲ್ ನಿಧಾನ ಓಡಲಿ. ವೇಗ ಹೆಚ್ಚಾದರೆ ಅಕ್ರಿಲಿಕ್ ಕರಗಿ ಬಿಟ್ಟಿಗೆ ಅಂಟುತ್ತದೆ. ಬಿಟ್ ಹೊರಬೀಳುವ ಗಳಿಗೆಯಲ್ಲಿ ಒತ್ತಿದರೆ ಹಿಂಬದಿ ಚಕ್ಕೆ ಏಳುತ್ತದೆ. ಅಂಚಿನಿಂದ ಕನಿಷ್ಠ 10 ಮಿ.ಮೀ. ಒಳಗೆ ಕೊರೆಯಿರಿ. ಒರೆಸಲು ಥಿನ್ನರ್, ಸ್ಪಿರಿಟ್ ಬೇಡ, ಕೊರೆದ ತೂತಿನ ಸುತ್ತ ಬಲೆಯಂಥ ಬಿರುಕು ಬಿಡುತ್ತದೆ. ಸೋಪಿನ ನೀರು ಸಾಕು.

ಬಾಟಲಿಗಳಲ್ಲಿ ಹೆಸರಾದದ್ದು ‘ಸ್ಟಾರ್ ಟ್ರೆಕ್’ನ ಕಲ್ಪಿತ ಮದ್ಯ ‘ಸಾರಿಯನ್ ಬ್ರಾಂದಿ’ಯದ್ದು. ಅದು ಜಾರ್ಜ್ ಡಿಕೆಲ್ ಎಂಬ ಟೆನೆಸಿ ವಿಸ್ಕಿಯವರು 1960ರ ದಶಕದಲ್ಲಿ ಸ್ಮರಣಿಕೆಯಾಗಿ ತಂದ, ಕೋವಿಮದ್ದಿನ ಕೊಂಬಿನ ಆಕಾರದ ಬಾಟಲಿ. ಬಾಗಿದ ದೇಹ, ಒಂದೇ ಕಡೆಗೆ ಕಿರಿದಾಗುತ್ತಾ ಹೋಗುವ ಕತ್ತು: ಇಂಥ ಅಸಮ ಆಕಾರವಿರುವ ವಸ್ತುವನ್ನು ಯಾವ ಕೋನದಿಂದಲೂ ಗುರುತಿಸಬಹುದು. ಕೊಳ್ಳುವಾಗ ಪಟ್ಟಿ, ಬಿರಡೆ ಎರಡೂ ಜೊತೆಗಿವೆಯೇ ನೋಡಿ. ಬರೀ ಗಾಜು ಸಿಕ್ಕರೆ ಅವನ್ನು ಹೊಂದಿಸುವುದು ದೊಡ್ಡ ತಲೆನೋವು. ಸಣ್ಣ ಅಳತೆಯದೂ ಬಂದಿರುವುದರಿಂದ ಎತ್ತರವನ್ನು ಸೆಂಟಿಮೀಟರಿನಲ್ಲಿ ಕೇಳಿಯೇ ಮುಂದುವರಿಯಿರಿ. ಖಾಲಿ ಬಾಟಲಿಯನ್ನೇ ತರಿಸಿ, ತುಂಬಿದ ಮದ್ಯವನ್ನು ಕೊರಿಯರ್‌ನಲ್ಲಿ ತರಿಸಲು ಹೋಗಿ ಕಸ್ಟಮ್ಸ್‌ನಲ್ಲಿ ಸಿಕ್ಕಿಹಾಕಿಕೊಳ್ಳಬೇಡಿ.

ಪ್ಲಂಜರ್ ಮತ್ತು ಬಬಲ್ ರ‍್ಯಾಪ್

1963ರ ಡಿಸೆಂಬರ್ 21ರಂದು ‘ಡಾಕ್ಟರ್ ಹೂ’ದಲ್ಲಿ ಡಾಲೆಕ್ ಮೊದಲು ಕಂಡಾಗ ಕಂಡದ್ದು ಅದರ ತೋಳು ಮಾತ್ರ. ಕಂತಿನ ಕೊನೆಯಲ್ಲಿ ಡಾಕ್ಟರ್ ಜೊತೆಗಿರುವ ಬಾರ್ಬರಾ ಗೋಡೆಗೊರಗಿ ಕಿರುಚುತ್ತಾಳೆ, ಅವಳತ್ತ ಚಾಚಿಕೊಂಡು ಬರುತ್ತಿರುವುದು ಸಿಂಕು ಕಟ್ಟಿಕೊಂಡಾಗ ಒತ್ತುವ ರಬ್ಬರ್ ಪ್ಲಂಜರ್. ರೇಮಂಡ್ ಕ್ಯೂಸಿಕ್ ವಿನ್ಯಾಸ ಮಾಡಿದ ಆ ಯಂತ್ರಗಳು ಮೊದಲ ಕಥೆಗೆ ನಾಲ್ಕೇ ತಯಾರಾಗಿದ್ದವು. ಅಡುಗೆಮನೆಯ ಆ ವಸ್ತುವನ್ನು ಬಣ್ಣ ಬಳಿದು ಮರೆಸದೆ ಹಾಗೇ ಬಿಟ್ಟದ್ದು, ಅದನ್ನೇ ಮೊದಲು ತೋರಿಸಿದ್ದು, ಅದರಿಂದಲೇ ಭಯ ಹುಟ್ಟಿಸಿದ್ದು: ಬಳಸಿದ ರೀತಿಯಲ್ಲಿ ಇದಕ್ಕೆ ಸಮನಾದದ್ದು ಇಲ್ಲ ಎಂದೇ ನನ್ನ ಅಭಿಪ್ರಾಯ. 2005ರ ‘ಡಾಲೆಕ್’ ಕಂತಿನಲ್ಲೂ ಪ್ಲಂಜರ್ ಬಿಡಲಿಲ್ಲ. ಅದು ಕೀಪ್ಯಾಡ್ ಒತ್ತುತ್ತದೆ, ಕೊಲ್ಲುತ್ತದೆ ಕೂಡ.

ಕೊಳ್ಳುವಾಗ ತಪ್ಪುವುದು ಬಗೆಯಲ್ಲಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಎರಡು ಬಗೆ ಇರುತ್ತವೆ. ಬಟ್ಟಲಿನಂತೆ ಸರಳವಾಗಿ ಕವುಚಿಕೊಳ್ಳುವುದು ಸಿಂಕಿನದ್ದು. ಒಳಗಿಂದ ಇನ್ನೊಂದು ಸಣ್ಣ ಕೊಳವೆಯಂಥ ಅಂಚು ಹೊರಚಾಚಿರುವುದು ಟಾಯ್ಲೆಟ್‌ನದ್ದು. ಡಾಲೆಕ್‌ಗೆ ಬೇಕಾದದ್ದು ಮೊದಲನೆಯದು, ಕಪ್ಪು ರಬ್ಬರಿನದ್ದು. ಮರದ ಹಿಡಿ ತಿರುಗಿಸಿ ತೆಗೆದರೆ ಒಳಗೆ ತಿರುಪಿನ ಮರೆ ಇರುತ್ತದೆ, ಅಲ್ಯುಮಿನಿಯಂ ಕೊಳವೆ ಅಲ್ಲಿಗೆ ಬಿಗಿಯಾಗಿ ಕೂರಬೇಕು. ಸಡಿಲವಾದರೆ ಟೆಫ್ಲಾನ್ ಟೇಪ್ ಸುತ್ತಿ. ಎನಾಮಲ್ ಬಣ್ಣ ಬಳಿಯಬೇಡಿ. ರಬ್ಬರ್ ಬಾಗುತ್ತದೆ, ಒಣಗಿದ ಬಣ್ಣ ಬಾಗದು, ಎರಡೇ ದಿನಕ್ಕೆ ಹಕ್ಕಳೆ ಏಳುತ್ತದೆ. ಹೊಳಪಿಗೆಂದು ವ್ಯಾಸಲೀನ್ ಅಥವಾ ಯಂತ್ರದ ಎಣ್ಣೆ ಸವರಿದರೆ ನೈಸರ್ಗಿಕ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ಸಿಲಿಕೋನ್ ಎಣ್ಣೆ ಒಂದೆರಡು ಹನಿ ಸಾಕು. ಬಿಸಿಲು ತಾಕದ ಕಡೆ ನೇತುಹಾಕಿ. ಅಂಚಿನ ಮೇಲೆ ಭಾರ ಬಿಟ್ಟು ನಿಲ್ಲಿಸಿದರೆ ಬಟ್ಟಲು ಸೊಟ್ಟಗಾಗಿ ಹಾಗೇ ಉಳಿಯುತ್ತದೆ.

1975ರ ‘ದಿ ಆರ್ಕ್ ಇನ್ ಸ್ಪೇಸ್’ ಕಥೆಯಲ್ಲಿ ಮನುಷ್ಯನೊಬ್ಬ ಮೆಲ್ಲಗೆ ಕೀಟವಾಗಿ ಮಾರ್ಪಡುತ್ತಾನೆ. ಜೇಬಿನಿಂದ ಹೊರತೆಗೆದ ಅವನ ಕೈ ಹಸಿರು ಬಳಿದ ಬಬಲ್ ರ‍್ಯಾಪ್. ಮರಿಹುಳುವಿನ ಮೈಯೂ ಅದೇ. 1957ರಲ್ಲಿ ಗೋಡೆಗಂಟಿಸುವ ಉಬ್ಬುಕಾಗದ ಮಾಡಲು ಹೋಗಿ ಹುಟ್ಟಿದ ಸರಕು ಇದು. ಇಂದು ಮನೆಮನೆಗೆ ಕೊರಿಯರ್ ಜೊತೆ ಬರುವುದರಿಂದ ಒಂದೇ ನೋಟಕ್ಕೆ ಸಿಕ್ಕಿಬೀಳುತ್ತದೆ. ಸಾಲುಸಾಲಾಗಿ, ಒಂದರ ಸಂದಿಗೆ ಇನ್ನೊಂದು ಬರುವಂತೆ ಕೂತ ಒಂದೇ ಅಳತೆಯ ಗುಳ್ಳೆ ಜೀವಿಗಳ ಚರ್ಮದಲ್ಲಿ ಬರುವುದಿಲ್ಲ. ನಟ ಕೆಂಟನ್ ಮೂರ್ ಆ ಕೈಯನ್ನು ಎಷ್ಟು ಅಸಹ್ಯದಿಂದ ನೋಡುತ್ತಾರೆಂದರೆ, ಗೊತ್ತಿದ್ದೂ ಮೈ ಜುಮ್ಮೆನ್ನುತ್ತದೆ. ಇದನ್ನು ಮನೆಯಲ್ಲಿ ಮಾಡಿದವರೆಲ್ಲ ದೂರುವುದು ಬಣ್ಣ ಉದುರುವುದನ್ನೇ. ಪಾಲಿಥೀನ್ ಮೇಲೆ ಮಾಮೂಲಿ ಬಣ್ಣ ಹಿಡಿಯುವುದಿಲ್ಲ, ಉಜ್ಜಿ ಒರಟು ಮಾಡಲು ಹೋದರೆ ಗುಳ್ಳೆ ಒಡೆಯುತ್ತದೆ. ಚಪ್ಪಟೆ ಬದಿಗೆ ಪ್ಲಾಸ್ಟಿಕ್ ಪ್ರೈಮರ್ ತೆಳ್ಳಗೆ ಸಿಂಪಡಿಸಿ, ಆಮೇಲೆ ಹಸಿರು ಹಚ್ಚಿ, ಗುಳ್ಳೆಯ ಬದಿ ಹೊರಗಿಡಿ. ಬಣ್ಣ ಒಳಗಿನಿಂದ ಕಾಣುತ್ತದೆ, ಕೈ ತಾಗಿ ಉದುರುವುದಿಲ್ಲ, ಒದ್ದೆ ಹೊಳಪೂ ಉಳಿಯುತ್ತದೆ.

ಐಸ್‌ಕ್ರೀಮ್ ಯಂತ್ರ, ನಿಂಬೆ ಹಿಂಡುವುದು, ಹಾಳೆ

‘ಸ್ಟಾರ್ ವಾರ್ಸ್’ ಲೋಕದ ಧಾರಾವಾಹಿ ‘ದಿ ಮ್ಯಾಂಡಲೋರಿಯನ್’ 2019ರಲ್ಲಿ ತೋರಿಸಿದ ‘ಕ್ಯಾಮ್‌ಟೋನೊ’, ಬೆಸ್ಕರ್ ಎಂಬ ಕಲ್ಪಿತ ಲೋಹದ ಗಟ್ಟಿಗಳನ್ನು ಇಟ್ಟುಕೊಡುವ ಆ ಬಿಳಿ ಪಾತ್ರೆ, ಮೂಲದಲ್ಲಿ ಮನೆಬಳಕೆಯ ಐಸ್‌ಕ್ರೀಮ್ ಯಂತ್ರ. 1980ರ ‘ಸ್ಟಾರ್ ವಾರ್ಸ್’ ಚಿತ್ರದಲ್ಲಿ ಊರು ಬಿಟ್ಟು ಓಡುವ ಒಬ್ಬ ಸಣ್ಣ ಪಾತ್ರಧಾರಿ ಅದನ್ನು ಎದೆಗವಚಿಕೊಂಡು ಓಡಿದ್ದ. ಅಭಿಮಾನಿಗಳು ದಶಕಗಳ ಕಾಲ ಅದನ್ನೇ ಹಿಡಿದು ಮಾತಾಡಿದರು, ಕೊನೆಗೆ ಧಾರಾವಾಹಿಯೇ ಅದಕ್ಕೊಂದು ಕೆಲಸ ಕೊಟ್ಟಿತು. ಯಂತ್ರದ ಹೊರಬಕೆಟ್ಟಿನಲ್ಲಿ ಐಸ್ ಮತ್ತು ಕಲ್ಲುಪ್ಪು, ಒಳಗೆ ಹಾಲಿನ ಡಬ್ಬಿ, ಮೇಲೆ ಮೋಟಾರ್ ಇರುವ ತಲೆ. ಗುರುತು ಆ ತಲೆ ಮತ್ತು ಬಕೆಟ್ ಕೂಡುವ ಕಡೆಯಲ್ಲಿದೆ, ಬಕೆಟ್ಟಿನಲ್ಲಿ ಅಲ್ಲ. ಅಮೆರಿಕದಿಂದ ತರಿಸಿದ ಯಂತ್ರ 120 ವೋಲ್ಟಿನದ್ದು. ನಮ್ಮ 230 ವೋಲ್ಟಿಗೆ ನೇರ ಚುಚ್ಚಿದರೆ ಮೋಟಾರ್ ಸುಟ್ಟುಹೋಗುತ್ತದೆ. ಶೋಕೇಸಿಗೆ ಇಡುವುದಾದರೆ ಬಂದ ದಿನವೇ ಪ್ಲಗ್ ಕತ್ತರಿಸಿ. ಮನೆಗೆ ಬಂದ ಯಾರಾದರೂ ಚುಚ್ಚಿ ನೋಡುವ ಸಂಭವ ಇದ್ದೇ ಇರುತ್ತದೆ. ಉಪ್ಪುನೀರಿನಲ್ಲಿ ಬಾಳಿದ ಯಂತ್ರವಾದ್ದರಿಂದ ಸ್ಕ್ರೂಗಳು ತುಕ್ಕು ಹಿಡಿದಿರುತ್ತವೆ, ಬಿಚ್ಚುವ ಮೊದಲು ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ಕಾಯಿರಿ.

1965ರ ‘ಥಂಡರ್‌ಬರ್ಡ್ಸ್’ ಗೊಂಬೆಗಳ ಧಾರಾವಾಹಿ. ಥಂಡರ್‌ಬರ್ಡ್ 1 ನಿಂತಿರುವ ಕೋಣೆಯ ಗೋಡೆಯಲ್ಲಿ ಭಾರೀ ಯಂತ್ರದಂತೆ ಕಾಣುವುದೊಂದು ನಿಂಬೆ ಹಿಂಡುವ ಪ್ಲಾಸ್ಟಿಕ್ ಸಾಧನ. ನಡುವಿನ ಗುಬ್ಬಿ, ಅದರಿಂದ ಇಳಿಯುವ ಏಣುಗಳು, ಸುತ್ತಲಿನ ತಟ್ಟೆ ಎಲ್ಲವೂ ಅಲ್ಲೇ ಇದೆ. ಅಂಗೈಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಗೊಂಬೆಗಳೇ ಮನುಷ್ಯರ ಮೂರನೇ ಒಂದು ಪಾಲು, ನೌಕೆಗಳ ಮಾದರಿ ಇನ್ನೂ ಚಿಕ್ಕದು. ಆದ್ದರಿಂದ ಇಂಥ ಕಡೆ ‘ಇದು ಎಷ್ಟು ದೊಡ್ಡದು’ ಎಂದು ಕೇಳದೆ ‘ಇದರಲ್ಲಿ ಎಷ್ಟು ಏಣು’ ಎಂದು ಎಣಿಸಬೇಕು.

2000ದ ದಶಕದ ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ ಮಾಡಿದ್ದು ಎಲ್ಲಕ್ಕಿಂತ ಅಗ್ಗದ ಕೆಲಸ: ಹಾಳೆಯ ನಾಲ್ಕೂ ಮೂಲೆ ಕತ್ತರಿಸಿ ಎಂಟು ಮೂಲೆ ಮಾಡಿದರು. ಪುಸ್ತಕ, ಕಡತ, ನಕ್ಷೆ ಎಲ್ಲದಕ್ಕೂ ಅದೇ ಮೂಲೆ. ನಮ್ಮದಲ್ಲದ ಲೋಕ ಎಂದು ನೋಡುವ ಕಣ್ಣಿಗೆ ಹೇಳಲು ಅಷ್ಟು ಸಾಕಾಯಿತು. ಎ4 ಹಾಳೆಗಳಲ್ಲಿ ಮಾಡುವುದಾದರೆ ಒಂದೊಂದಾಗಿ ಕತ್ತರಿಯಲ್ಲಿ ಕತ್ತರಿಸಬೇಡಿ, ಮೂಲೆಗಳು ಹೆಚ್ಚುಕಡಿಮೆಯಾಗುತ್ತವೆ. ಇಡೀ ಕಟ್ಟನ್ನು ಎರಡು ರಟ್ಟಿನ ನಡುವೆ ಬಿಗಿದು ಬೈಂಡಿಂಗ್ ಅಂಗಡಿಯ ಕಟಿಂಗ್ ಯಂತ್ರದಲ್ಲಿ ಕೊಡಿ, ನಾಲ್ಕು ಏಟಿಗೆ 500 ಹಾಳೆ ಮುಗಿಯುತ್ತದೆ.

ಹೋಲಿಕೆ ಬೇರೆ, ಅದೇ ವಸ್ತು ಬೇರೆ

‘ನೆಕ್ಸ್ಟ್ ಜನರೇಷನ್’ನ ಫೇಸರ್ ಬಂದೂಕಿಗೆ ‘ಡಸ್ಟ್‌ಬಸ್ಟರ್’ ಎಂಬ ಅಡ್ಡಹೆಸರಿದೆ, ಬ್ಲ್ಯಾಕ್ ಅಂಡ್ ಡೆಕರ್‌ನ ಕೈ ವ್ಯಾಕ್ಯೂಮ್ ಕ್ಲೀನರ್‌ನಂತೆ ಕಾಣುತ್ತದೆಂದು. ಹೆಸರು ಕೇಳಿದವರು ವ್ಯಾಕ್ಯೂಮ್ ಕ್ಲೀನರನ್ನೇ ಕತ್ತರಿಸಿ ಮಾಡಿದ್ದು ಎಂದು ಬರೆದುಬಿಡುತ್ತಾರೆ. ಹಾಗಿಲ್ಲ. ಇಂಥ ಜಾರು ಜಾಗ ಬಹಳ ಇರುವುದರಿಂದ ಕೊಳ್ಳುವ ಮುನ್ನ ಮಾರುವವರ ಮಾತಿನಲ್ಲಿ ಮೂರನ್ನು ಬೇರೆ ಮಾಡಿ: ಸೆಟ್ಟಿನಲ್ಲಿ ನಿಜಕ್ಕೂ ಬಳಸಿದ ತುಂಡು, ಅದೇ ಕಂಪನಿಯ ಅದೇ ಮಾದರಿ, ಅದರಂತೆ ಕಾಣುವ ಬೇರೆ ಸಾಮಾನು. ಮೊದಲನೆಯದಕ್ಕೆ ಕಾಗದಪತ್ರ ಬೇಕು; ಗೀರು, ಬಣ್ಣದ ಕಲೆಗಳು ಪರದೆಯ ಚಿತ್ರದೊಂದಿಗೆ ತಾಳೆಯಾಗಬೇಕು. ಎರಡನೆಯದಕ್ಕೆ ತಳದ ಮುದ್ರೆ, ಮಾದರಿ ಸಂಖ್ಯೆ, ಪೇಟೆಂಟ್ ಸಂಖ್ಯೆ ನೋಡಬೇಕು. ಪೇಟೆಂಟ್ ಸಂಖ್ಯೆಯಿಂದ ವರ್ಷ ತಿಳಿಯುತ್ತದೆ, ಕಂತು ಚಿತ್ರಿತವಾದ ಎಷ್ಟೋ ವರ್ಷದ ಮೇಲೆ ವಿನ್ಯಾಸವಾದ ವಸ್ತುವಾಗಿದ್ದರೆ ಅಲ್ಲಿಗೆ ಕೈಬಿಡಬಹುದು. ಮೂರನೆಯದನ್ನು ಹೆಚ್ಚು ಬೆಲೆಗೆ ಕೊಳ್ಳಲು ಕಾರಣವೇ ಇಲ್ಲ.

ಮೊಬೈಲ್‌ನ ಚಿತ್ರ ಹುಡುಕಾಟವನ್ನೂ ಈ ಕ್ರಮದಲ್ಲೇ ಬಳಸಿ. ಇಡೀ ಫ್ರೇಮ್ ಕೊಟ್ಟರೆ ಅದು ಧಾರಾವಾಹಿಯನ್ನೇ ಗುರುತಿಸಿ, ಮಾರಾಟಕ್ಕಿರುವ ನಕಲುಗಳನ್ನು ಮುಂದಿಡುತ್ತದೆ. ವಸ್ತುವನ್ನಷ್ಟೇ ಕತ್ತರಿಸಿ, ಕಪ್ಪುಬಿಳುಪು ಮಾಡಿ, ಬುಡದ ಭಾಗವನ್ನು ಬೇರೆಯಾಗಿ, ತಲೆಯ ಭಾಗವನ್ನು ಬೇರೆಯಾಗಿ ಹುಡುಕಿ. ಜೊತೆಗೆ ವಸ್ತುವಿನ ಸಾದಾ ಹೆಸರು ಮತ್ತು ದಶಕ ಸೇರಿಸಿ: ‘ಉಪ್ಪಿನ ಡಬ್ಬಿ, ಸ್ಟೀಲ್, 1960ರ ದಶಕ’ ಎಂಬಂತೆ, ಆದರೆ ಆ ಸರಕು ಮಾರಾಟವಾಗುತ್ತಿದ್ದ ದೇಶದ ಭಾಷೆಯಲ್ಲಿ. ಇಟಲಿಯ ದೀಪಕ್ಕೆ ಇಟಾಲಿಯನ್ ಪದ ಹಾಕಿದರೆ ಸಿಗುವ ಫಲಿತಾಂಶವೇ ಬೇರೆ. ಧಾರಾವಾಹಿಯ ಹೆಸರನ್ನು ಮಾತ್ರ ಹಾಕಬೇಡಿ. ಆ ಸಾಮಾನನ್ನು ತಮ್ಮ ಅಟ್ಟದಿಂದ ಇಳಿಸಿ ಮಾರುತ್ತಿರುವವರಿಗೆ ಅದು ಅಂತರಿಕ್ಷಕ್ಕೆ ಹೋಗಿಬಂದದ್ದು ಗೊತ್ತಿರುವುದಿಲ್ಲ, ಬೆಲೆಯೂ ಅಟ್ಟದ ಬೆಲೆಯೇ ಇರುತ್ತದೆ.